ಮಾತಿಗೆ ಮೊದಲು ಮೈ: ಜಗಳದ ಬಿಸಿಯಲ್ಲಿ ಇಬ್ಬರೂ ನೆಲೆಗೆ ಬರುವ ಬಗೆ

ಜಗಳದ ನಡುವೆ "ಸ್ವಲ್ಪ ಸಮಾಧಾನವಾಗಿ ಮಾತಾಡು" ಎಂದು ನೋಡಿ, ಎದುರಿನವರ ಸಿಟ್ಟು ಇನ್ನೊಂದು ಮೆಟ್ಟಿಲು ಏರುತ್ತದೆ. ಹಟಕ್ಕೆ ಬಿದ್ದು ಹಾಗೆ ಮಾಡುತ್ತಾರೆ ಅನ್ನಿಸಬಹುದು, ಆದರೆ ಆ ಹೊತ್ತಿಗೆ ಮೈ ಮಾತು ಕೇಳುವ ಸ್ಥಿತಿಯಲ್ಲೇ ಇರುವುದಿಲ್ಲ. ದಂಪತಿಗಳ ವಾಗ್ವಾದವನ್ನು ಪ್ರಯೋಗಾಲಯದಲ್ಲಿ ಎದೆಬಡಿತ ಅಳೆಯುತ್ತಾ ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಇದನ್ನು 'ಫ್ಲಡಿಂಗ್' ಎಂದು ಕರೆದರು. ಹೊಳೆಗೆ ನೆರೆ ಬಂದ ಹಾಗೆ. ನಾಡಿ ನಿಮಿಷಕ್ಕೆ 100 ದಾಟಿತೆಂದರೆ ಹೊಸ ವಿಷಯ ತಲೆಗೆ ಹೋಗುವುದಿಲ್ಲ, ತಮಾಷೆ ಅರ್ಥವಾಗುವುದಿಲ್ಲ, ಎದುರಿನವರ ಸಪ್ಪೆ ಮುಖವೂ ಕೆಕ್ಕರಿಸಿ ನೋಡಿದಂತೆ ಕಾಣುತ್ತದೆ. ನೆರೆ ಇಳಿಯದೆ ದೋಣಿ ಹಾಕಿ ಫಲವಿಲ್ಲ.

ಇಲ್ಲಿ ಹೇಳುವುದು ನೆರೆ ಇಳಿಸುವ ಕೆಲಸವನ್ನು: ಮೊದಲು ಒಬ್ಬೊಬ್ಬರೇ, ಆಮೇಲೆ ಇಬ್ಬರೂ ಸೇರಿ. ಗಂಡ-ಹೆಂಡತಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದರೂ ಬೆಳೆದ ಮಕ್ಕಳು ಮತ್ತು ತಂದೆ-ತಾಯಿ, ಅಣ್ಣ-ತಮ್ಮಂದಿರು ಇದರ ಬಹುಪಾಲನ್ನು ಮಾಡಬಹುದು. ಇಂಥ ಅಭ್ಯಾಸಗಳಿಗೆ 'ಸೊಮ್ಯಾಟಿಕ್' ಎಂಬ ಹೆಸರಿನಲ್ಲಿ ಈಗ ಊರೂರಲ್ಲಿ ಶಿಬಿರಗಳು ನಡೆಯುತ್ತಿವೆ. ಗ್ರೀಕಿನಲ್ಲಿ 'ಸೋಮ' ಎಂದರೆ ದೇಹ, ಅಷ್ಟೇ.

ಒಳಗೆ ಏನು ನಡೆಯುತ್ತದೆ

ಎದೆಬಡಿತ, ಜೀರ್ಣ, ಬೆವರು ಇವನ್ನೆಲ್ಲ ನಮ್ಮ ಅಪ್ಪಣೆಗೆ ಕಾಯದೆ ನಡೆಸುವ ನರಜಾಲಕ್ಕೆ ಎರಡು ಕವಲು. ಅಪಾಯ ಕಂಡಾಗ ಓಡಲು, ಹೊಡೆದಾಡಲು ಸಜ್ಜುಮಾಡುವುದು ಸಿಂಪಥೆಟಿಕ್. ಉಂಡು ವಿಶ್ರಮಿಸುವಾಗ ಮುಂದಾಗುವುದು ಪ್ಯಾರಾಸಿಂಪಥೆಟಿಕ್. ಈ ಎರಡನೆಯದರ ಮುಖ್ಯ ದಾರಿ ಮಿದುಳಿನಿಂದ ಹೊರಡುವ ಹತ್ತನೆಯ ನರ, ವೇಗಸ್. ಎದೆಬಡಿತವನ್ನು ಮನಸ್ಸಿನ ಬಲದಿಂದ ನೇರವಾಗಿ ಇಳಿಸಲು ನಮ್ಮಿಂದಾಗದು, ಉಸಿರನ್ನು ಮಾತ್ರ ಹಿಡಿದು ನಡೆಸಬಹುದು. ಉಸಿರೆಳೆದುಕೊಂಡಾಗ ಎದೆಬಡಿತ ತುಸು ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ ಹಲವರಿಗೆ ಈ ಏರಿಳಿತ ಬೆರಳಿಗೇ ಗೊತ್ತಾಗುತ್ತದೆ. ಮುಂದಿನ ಅಭ್ಯಾಸದ ಅರ್ಧ ಭಾಗ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಶಿಬಿರಗಳಲ್ಲಿ ಪಾಲಿವೇಗಲ್ ಸಿದ್ಧಾಂತದ ಮಾತು ಬಂದೇ ಬರುತ್ತದೆ. ವೇಗಸ್ ನರದ ಬೇರೆಬೇರೆ ಕವಲುಗಳೇ ನಮ್ಮ ಭಯ, ನೆಮ್ಮದಿಯ ಸ್ಥಿತಿಗಳನ್ನು ನಡೆಸುತ್ತವೆ ಎಂಬ ಈ ವಾದವನ್ನು 1994ರಲ್ಲಿ ಮುಂದಿಟ್ಟವರು ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ಪೋರ್ಜಸ್. ಚಿಕಿತ್ಸಕರಿಗೆ ಅದು ಬಲು ಇಷ್ಟ, ಆದರೆ ಅದರ ಅಂಗರಚನೆಯ ಮತ್ತು ವಿಕಾಸದ ವಾದಗಳನ್ನು ಹಲವು ಶರೀರಶಾಸ್ತ್ರಜ್ಞರು ಒಪ್ಪಿಲ್ಲ. ಈ ಅಭ್ಯಾಸ ಫಲಿಸಲು ಆ ಸಿದ್ಧಾಂತ ನಿಜವಾಗಿರಲೇಬೇಕೆಂದಿಲ್ಲ. ಕಿವಿ ಹಿಂಡಿ, ಕುತ್ತಿಗೆ ತಿಕ್ಕಿ 'ವೇಗಸ್ ಆನ್' ಮಾಡುತ್ತೇವೆ ಎನ್ನುವವರ ಮಾತನ್ನು ಅಷ್ಟಾಗಿ ನಂಬಬೇಡಿ.

ಮೊದಲು ನಿಮ್ಮ ಸ್ಥಿತಿ ಯಾವುದೆಂದು ನೋಡಿ

ಇದಕ್ಕೆ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ನಮ್ಮ ನುಡಿಗಟ್ಟುಗಳು ಮನಸ್ಸಿನ ಸುದ್ದಿಯನ್ನು ಹೇಳುವುದೇ ಮೈಯ ಮೂಲಕ.

"ಮೈಯೆಲ್ಲ ಉರಿದುಹೋಯ್ತು", "ಪಿತ್ತ ನೆತ್ತಿಗೇರಿತು" ಅನ್ನುವುದು ಏರಿದ ಸ್ಥಿತಿ. ಹಲ್ಲು ಕಚ್ಚಿರುತ್ತದೆ, ಹೆಗಲು ಕಿವಿಯ ಹತ್ತಿರಕ್ಕೆ ಬಂದಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಮಾತು ಓಡುತ್ತದೆ. "ಕೈಕಾಲೇ ಆಡಲಿಲ್ಲ", "ಜಂಘಾಬಲವೇ ಉಡುಗಿತು", "ಬಾಯಿ ಕಟ್ಟಿಹೋಯ್ತು" ಅನ್ನುವುದು ಉಡುಗಿದ ಸ್ಥಿತಿ. ಕೈ ತಣ್ಣಗಾಗಿರುತ್ತದೆ, ದೃಷ್ಟಿ ಒಂದೇ ಕಡೆ ನೆಟ್ಟಿರುತ್ತದೆ, ಕೇಳಿದ್ದಕ್ಕೆ "ಏನಿಲ್ಲ" ಎಂಬುದೊಂದೇ ಉತ್ತರ. "ಹೊಟ್ಟೆ ತಣ್ಣಗಾಯ್ತು", "ಎದೆ ಹಗುರಾಯ್ತು" ಅನ್ನುವುದು ನೆಲೆಗೆ ಬಂದ ಸ್ಥಿತಿ.

ಮೊದಲ ಎರಡನ್ನು ಬೇರ್ಪಡಿಸಿ ನೋಡದಿದ್ದರೆ ಉಳಿದದ್ದೆಲ್ಲ ತಪ್ಪುತ್ತದೆ. ಬಹಳ ಮನೆಗಳಲ್ಲಿ ಒಬ್ಬರು ಏರುತ್ತಾರೆ, ಇನ್ನೊಬ್ಬರು ಉಡುಗುತ್ತಾರೆ. ಏರಿದವರ ಕಣ್ಣಿಗೆ ಎದುರಿನ ಮೌನ ಸೊಕ್ಕಿನಂತೆ ಕಾಣುತ್ತದೆ. ಉಡುಗಿದವರಿಗೆ ಎದುರಿನ ದನಿಯೇ ಹೊಡೆತದಂತೆ ತಾಗುತ್ತದೆ. ಇಬ್ಬರಿಗೂ ಒಂದೇ ಮದ್ದು ನಡೆಯುವುದಿಲ್ಲ.

ಅನುಮಾನವಿದ್ದರೆ ನಾಡಿ ನೋಡಿ. ತೋರುಬೆರಳು, ನಡುಬೆರಳನ್ನು ಇನ್ನೊಂದು ಕೈಯ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಇಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ನೋಡಬೇಡಿ, ಅದಕ್ಕೆ ತನ್ನದೇ ಮಿಡಿತವಿದೆ. ಜಗಳವಿಲ್ಲದ ದಿನ ಕೂತು ನೋಡಿದ ಸಂಖ್ಯೆ ಮೊದಲೇ ಗೊತ್ತಿರಲಿ. ಬಿ.ಪಿ.ಗೆ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ) ಗುಳಿಗೆ ನುಂಗುವವರ ನಾಡಿ ಸಿಟ್ಟಿನಲ್ಲೂ ಅಷ್ಟಾಗಿ ಏರದು, ಅವರು ದವಡೆ ಮತ್ತು ಹೆಗಲನ್ನು ನೋಡಿಕೊಳ್ಳಬೇಕು.

ಯಾರು, ಯಾವಾಗ ಮಾಡಬಾರದು

ಮನೆಯಲ್ಲಿ ಹೊಡೆತ, ಬೆದರಿಕೆ, ದುಡ್ಡು ಅಥವಾ ಫೋನ್ ಕಸಿದುಕೊಳ್ಳುವುದು ನಡೆಯುತ್ತಿದ್ದರೆ ಇದು ಅಲ್ಲಿಗೆ ತಕ್ಕದ್ದಲ್ಲ. ಅಲ್ಲಿ ಮೈ ಕೊಡುತ್ತಿರುವ ಭಯದ ಸೂಚನೆ ಸರಿಯಾದದ್ದೇ, ಅದನ್ನು ಉಸಿರಾಟದಿಂದ ಮುಚ್ಚಿಹಾಕಬಾರದು. ತುರ್ತು ಸಂಖ್ಯೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಿ. ಹಳೆಯ ಆಘಾತದ ನೆನಪುಗಳು ನುಗ್ಗಿಬರುವವರು, ಪ್ಯಾನಿಕ್ ಅಟ್ಯಾಕ್ ಆಗುವವರು ಕಣ್ಣು ಮುಚ್ಚುವ ಅಭ್ಯಾಸಗಳನ್ನು ಚಿಕಿತ್ಸಕರ ಜೊತೆಗೇ ಮೊದಲು ಮಾಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಗರ್ಭಿಣಿಯರು, ಅಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಉಸಿರು ಹಿಡಿಯುವ ಯಾವುದನ್ನೂ ಮಾಡಬೇಡಿ. ಕುಡಿದ ದಿನ ಯಾರೂ ಮಾಡುವುದು ಬೇಡ.

ಸಿದ್ಧತೆ

ಮೊದಲ ಎರಡು ವಾರ ಜಗಳವಿಲ್ಲದ ಹೊತ್ತಿನಲ್ಲೇ ಮಾಡಿ. ಈಜು ಕಲಿಯುವುದು ನೆರೆಯಲ್ಲಲ್ಲ. ಬೇಕಾದದ್ದು ಒಂದು ಚಾಪೆ, ಎರಡು ಗಟ್ಟಿ ದಿಂಬು, ಒಂದು ಮಡಿಸಿದ ಕಂಬಳಿ, ಸೆಕೆಂಡ್ ಮುಳ್ಳಿರುವ ಗಡಿಯಾರ. ಮಂಡಿ ನೋವಿದ್ದರೆ ಎರಡು ಸ್ಟೂಲು. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ. ಫೋನು ಬೇರೆ ಕೋಣೆಯಲ್ಲಿರಲಿ, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳುವುದು ಸಾಲದು. ಒಟ್ಟು 20ರಿಂದ 25 ನಿಮಿಷ. ಹಜಾರದಲ್ಲಿ ಅತ್ತೆ ಮಾವ ಟಿ.ವಿ. ನೋಡುತ್ತಿರುವ ಮನೆಯಲ್ಲಿ ಕೋಣೆ ಬಾಗಿಲು ಹಾಕಿಕೊಳ್ಳುವುದೇ ಮುಜುಗರವಾದರೆ ಟೆರೇಸಿನ ಮೂಲೆಯೂ ನಡೆಯುತ್ತದೆ.

ಹಂತ 1: ಭಾರ ಮತ್ತು ಕಣ್ಣು (3 ನಿಮಿಷ)

ಸ್ಟೂಲಿನ ಮೇಲೆ ಅಥವಾ ಗೋಡೆಗೆ ಒರಗಿ ಕೂತುಕೊಳ್ಳಿ. ಬರಿಗಾಲಿನ ಅಂಗಾಲು ನೆಲಕ್ಕೆ ಪೂರ್ತಿ ತಾಗಿರಲಿ. ಹಿಮ್ಮಡಿಯನ್ನು ನೆಲಕ್ಕೆ ಐದು ಸೆಕೆಂಡು ಒತ್ತಿ, ಬಿಡಿ. ನಾಲ್ಕು ಸಲ. ತೊಡೆ ಎಲ್ಲಿ ಸೀಟಿಗೆ ತಾಗಿದೆ, ಬೆನ್ನು ಎಲ್ಲಿ ಗೋಡೆಗೆ ತಾಗಿದೆ ಎಂದು ಗಮನಿಸಿ.

ಈಗ ಕಣ್ಣು ತೆರೆದೇ ಕೋಣೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ. ಕಣ್ಣಿನ ಜೊತೆ ಕುತ್ತಿಗೆಯೂ ತಿರುಗಲಿ. ಕಿಟಕಿಯ ಸರಳು, ಕ್ಯಾಲೆಂಡರು, ಗೂಟಕ್ಕೆ ನೇತುಹಾಕಿದ ಚೀಲ. ಕಣ್ಣಿಗೆ ಹಿತವಾದದ್ದೊಂದು ಸಿಕ್ಕರೆ ಅಲ್ಲಿ ಎರಡು ಉಸಿರಿನಷ್ಟು ನಿಲ್ಲಿ. ಗಾಬರಿಯಲ್ಲಿ ನೋಟ ಕಿರಿದಾಗಿ ಒಂದೇ ಬಿಂದುವಿಗೆ ಅಂಟಿಕೊಳ್ಳುತ್ತದೆ. ಅದನ್ನು ಅಗಲ ಮಾಡುವುದೇ ಇದರ ಉದ್ದೇಶ. ಆಕಳಿಕೆ, ಉಗುಳು ನುಂಗುವುದು, ತಾನಾಗಿ ಬರುವ ಒಂದು ದೊಡ್ಡ ನಿಟ್ಟುಸಿರು ಇವು ಮೈ ಸಡಿಲವಾಗುತ್ತಿರುವ ಗುರುತು. ಜೊತೆಗಾರರು ಆಕಳಿಸಿದರೆ "ಬೇಜಾರಾಯ್ತಾ?" ಎಂದು ಕೇಳಬೇಡಿ.

ಹಂತ 2: ಏರಿದವರಿಗೆ ಉಸಿರು (5 ನಿಮಿಷ)

ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ಒಂದು ಎಣಿಕೆಗೆ ಗಡಿಯಾರದ ಒಂದು ಸೆಕೆಂಡು. ನಿಮಿಷಕ್ಕೆ 6 ಉಸಿರಾಯಿತು, ಐದು ನಿಮಿಷಕ್ಕೆ 30. ಈ ಆರರ ಗತಿಯಲ್ಲಿ ಎದೆಬಡಿತದ ಸಹಜ ಏರಿಳಿತ ಹೆಚ್ಚು ದೊಡ್ಡದಾಗುತ್ತದೆ. 2001ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಕ್ರೈಸ್ತರ ಜಪಸರದ ಪ್ರಾರ್ಥನೆ ಹೇಳುವಾಗಲೂ 'ಓಂ ಮಣಿ ಪದ್ಮೇ ಹುಂ' ಹೇಳುವಾಗಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಆರರ ಸುಮಾರಿಗೆ ಇಳಿದದ್ದು ಕಂಡುಬಂತು.

ಎಲ್ಲರೂ ಮಾಡುವ ತಪ್ಪು ಒಂದೇ. 'ದೀರ್ಘ ಉಸಿರು' ಎಂದ ಕೂಡಲೇ ಎದೆ ಉಬ್ಬಿಸಿ ಗಾಳಿ ತುಂಬಿಕೊಳ್ಳುತ್ತಾರೆ. ಎರಡು ನಿಮಿಷದಲ್ಲಿ ತಲೆ ತಿರುಗಿ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಹೆಚ್ಚು ಗಾಳಿಯಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾದದ್ದೇ ಅದಕ್ಕೆ ಕಾರಣ. ಉಸಿರು ನಿಧಾನವಾಗಬೇಕೇ ಹೊರತು ದೊಡ್ಡದಾಗಬೇಕಿಲ್ಲ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಉಸಿರಿನ ಸದ್ದು ಕೇಳಿಸಿದರೆ ಅದು ಜಾಸ್ತಿಯಾಯಿತು ಎಂದರ್ಥ. 4-6 ಕಷ್ಟವಾದರೆ 3-4ರಿಂದ ಶುರುಮಾಡಿ.

ಕೂರಲಾಗದಷ್ಟು ಏರಿದ್ದರೆ ಎಣಿಕೆ ಬಿಡಿ. ಮೂಗಿನಿಂದ ಒಂದು ಉಸಿರು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು, ಆಮೇಲೆ ಬಾಯಿಂದ ಉದ್ದಕ್ಕೆ ಹೊರಗೆ. ಅತ್ತು ಸುಸ್ತಾದ ಮಗು ಬಿಕ್ಕುತ್ತಾ ಉಸಿರೆಳೆಯುವ ರೀತಿ ಇದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷ ಹೀಗೆ ಮಾಡಿದವರ ಮನಸ್ಥಿತಿ, ಧ್ಯಾನ ಮಾಡಿದ ಗುಂಪಿಗಿಂತ ಹೆಚ್ಚು ಸುಧಾರಿಸಿತ್ತು. ಜಗಳದ ಹೊತ್ತಿಗೆ ಮೂರು ನಾಲ್ಕು ಸಲ ಸಾಕು.

ಭ್ರಾಮರಿ ಗೊತ್ತಿರುವವರು ಅದನ್ನೇ ಮಾಡಬಹುದು: ಬಾಯಿ ಮುಚ್ಚಿ, ಹಲ್ಲು ಬಿಡಿಸಿ, ಹೊರಗೆ ಬಿಡುವ ಉಸಿರಿನಲ್ಲಿ 'ಮ್‌ಮ್' ಎಂಬ ತಗ್ಗಿನ ಗುಂಗು, ಎಂಟು ಹತ್ತು ಸಲ. ಗುಂಗಿನಿಂದ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ಹದಿನೈದು ಪಟ್ಟು ಹೆಚ್ಚುತ್ತದೆಂದು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದ್ದು ನಿಜವಾದರೂ ಇಲ್ಲಿ ಉಪಯೋಗಕ್ಕೆ ಬರುವುದು ಉಸಿರು ತಾನಾಗಿ ಉದ್ದವಾಗುವುದು. ವೇಗವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಈ ಹೊತ್ತಿಗೆ ಬೇಡ, ಅವು ಮೈಯನ್ನು ಇನ್ನಷ್ಟು ಏರಿಸುತ್ತವೆ.

ಹಂತ 2, ಉಡುಗಿದವರಿಗೆ: ಉಸಿರಲ್ಲ, ಚಲನೆ

ಮರಗಟ್ಟಿ ಕೂತವರಿಗೆ "ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡು" ಎಂದರೆ ಇನ್ನಷ್ಟು ಒಳಗೆ ಹೋಗುತ್ತಾರೆ. ಅವರಿಗೆ ಬೇಕಾದದ್ದು ಸ್ನಾಯುಗಳಿಗೆ ಕೆಲಸ.

ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಗೋಡೆಗಿಟ್ಟು, ಗೋಡೆಯನ್ನೇ ಸರಿಸುವವರಂತೆ ಹತ್ತು ಸೆಕೆಂಡು ತಳ್ಳಿ. ಅರ್ಧ ಬಲ ಸಾಕು, ಉಸಿರು ಕಟ್ಟಬಾರದು. ಅರ್ಧ ನಿಮಿಷ ಬಿಟ್ಟು ಮತ್ತೆ. ಐದು ಸಲ. ಬಿಟ್ಟಾಗ ತೋಳಿನಲ್ಲಿ ಬಿಸುಪು ಅಥವಾ ಸಣ್ಣ ನಡುಕ ಬಂದರೆ ತಡೆಯಬೇಡಿ, ಬರಲಿ. ಆಮೇಲೆ ಒಂದೊಂದೇ ಕಾಲೆತ್ತಿ ನೆಲಕ್ಕೆ ಊರಿ, ಇಪ್ಪತ್ತು ಹೆಜ್ಜೆ. ಎದುರು ಕೈಯಿಂದ ಹೆಗಲಿನಿಂದ ಮಣಿಕಟ್ಟಿನವರೆಗೆ ಹಿಟ್ಟು ನಾದುವಂತೆ ಒತ್ತುತ್ತಾ ಬನ್ನಿ, ಎರಡೂ ತೋಳಿಗೆ. ಮಾತು ಬರದಿದ್ದರೂ ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ, ಗಂಟಲು ತೆರೆಯುತ್ತದೆ.

ಉಡುಗಿದವರು ನೇರವಾಗಿ ಶಾಂತಿಗೆ ಬರುವುದು ಕಡಿಮೆ. ನಡುವೆ ಸಿಟ್ಟೋ ಅಳುವೋ ಬರುತ್ತದೆ. "ಈಗ ತಾನೇ ಸರಿ ಇದ್ದೆಯಲ್ಲ!" ಎಂದು ಜೊತೆಗಾರರು ಕಂಗಾಲಾಗುತ್ತಾರೆ. ಸರಿ ಇರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೇ. ಆಗ ಏರಿದವರ ಹಂತ 2ಕ್ಕೆ ಹೋಗಿ.

ಹಂತ 3: ಇಬ್ಬರೂ ಸೇರಿ

ಇಬ್ಬರ ನಾಡಿಯೂ ತಮ್ಮ ಮಾಮೂಲಿನ ಹತ್ತಿರಕ್ಕೆ ಬಂದ ಮೇಲೆಯೇ ಇದು. ಒಬ್ಬರು ಇನ್ನೂ ಕುದಿಯುತ್ತಿದ್ದರೆ ಆ ಕುದಿ ಇನ್ನೊಬ್ಬರಿಗೂ ದಾಟುತ್ತದೆ.

ಮೊದಲು ಕೇಳಬೇಕು. "ಬೆನ್ನ ಮೇಲೆ ಕೈ ಇಡಲಾ?" ಎಂಬ ಪ್ರಶ್ನೆಗೆ ಮೂರು ಉತ್ತರಗಳಿಗೂ ಜಾಗವಿರಲಿ: "ಹೂಂ ಇಡು", "ಈಗ ಬೇಡ", "ಸುಮ್ಮನೆ ಪಕ್ಕದಲ್ಲಿ ಕೂತಿರು". ತಕ್ಷಣ, ಮುಖ ನೋಡದೆ ಬಂದ "ಹೂಂ" ಒಪ್ಪಿಗೆಯಲ್ಲ, ಪೀಡೆ ತೊಲಗಲಿ ಎಂಬ ಅರ್ಥವೂ ಇರುತ್ತದೆ. ಅನುಮಾನವಾದರೆ ಪಕ್ಕದಲ್ಲಿ ಕೂರುವುದನ್ನೇ ಆರಿಸಿ.

ಶುರುವಿಗೆ ಒಳ್ಳೆಯದು ಬೆನ್ನಿಗೆ ಬೆನ್ನು. ಮುಖ ಕಾಣದಿರುವುದೇ ಇದರ ಅನುಕೂಲ. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ, ಕೂರುವ ಜಾಗಕ್ಕೆ ಮೂರ್ನಾಲ್ಕು ಅಂಗುಲದ ದಿಂಬು ಇಟ್ಟುಕೊಳ್ಳಿ. ಗಿಡ್ಡ ಇರುವವರ ಕೆಳಗೆ ಕಂಬಳಿಯನ್ನೂ ಮಡಿಸಿಡಿ, ಇಬ್ಬರ ಹೆಗಲ ಮೂಳೆ ಒಂದೇ ಮಟ್ಟಕ್ಕೆ ಬರಬೇಕು. ನಿಧಾನವಾಗಿ ಹಿಂದಕ್ಕೆ ವಾಲಿ, ಒಬ್ಬರ ಭಾರವನ್ನು ಇನ್ನೊಬ್ಬರು ಸರಿಸಮ ಹೊರುವ ಬಿಂದು ಸಿಗುವವರೆಗೆ. ಸಿಕ್ಕಾಗ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಐದು ನಿಮಿಷ. ಉಸಿರನ್ನು ಬೇಕೆಂದೇ ಹೊಂದಿಸಲು ಹೋಗಬೇಡಿ. ಹೊಂದಿಸಲು ಹೊರಟವರು ಎದುರಿನವರ ಗತಿಗೆ ಸಿಕ್ಕಿ ಏದುಸಿರು ಬಿಡುತ್ತಾರೆ. ಬೆನ್ನ ಬಿಸಿ ಗೊತ್ತಾದರೆ ಸಾಕು.

ಮುಂದೆ ಕೈ. ಹೆಗಲ ಮೂಳೆಗಳ ನಡುವೆ ಅಂಗೈಯನ್ನು ಪೂರ್ತಿಯಾಗಿ ಇಡಿ. ಕೈಯ ಭಾರವಷ್ಟೇ, ಒತ್ತಡ ಬೇಡ. ತಟ್ಟಬೇಡಿ. ತಟ್ಟಿದರೆ "ಆಯ್ತು ಬಿಡು, ಸಾಕು" ಎಂದಂತೆ. ಉಜ್ಜುವುದೂ ಬೇಡ. ನಿಮ್ಮ ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬಿಸಿಮಾಡಿಕೊಳ್ಳಿ. ಕೂತವರು "ಸ್ವಲ್ಪ ಮೇಲೆ", "ಹಗುರ", "ಸಾಕು" ಎಂದು ನಡೆಸಬೇಕು. ಎರಡು ನಿಮಿಷವಾದ ಮೇಲೆ ಅದಲುಬದಲು.

ಸವರುವುದಾದರೆ ಮೊಣಕೈಯಿಂದ ಮಣಿಕಟ್ಟಿಗೆ, ಮುಂಗೈಯ ಹೊರಭಾಗದಲ್ಲಿ. ರೋಮವಿರುವ ಚರ್ಮದಲ್ಲಿ ಮೃದು ಸ್ಪರ್ಶಕ್ಕೆಂದೇ ಮಿಡಿಯುವ ಸಣ್ಣ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸವರಿಕೆಗೆ ಅವು ಚೆನ್ನಾಗಿ ಸ್ಪಂದಿಸುತ್ತವೆ, ಸುಮಾರು 3 ಸೆಂಟಿಮೀಟರ್ ಎಲ್ಲಕ್ಕಿಂತ ಹಿತ. ಮೊಣಕೈಯಿಂದ ಮಣಿಕಟ್ಟಿಗೆ ಸುಮಾರು 25 ಸೆಂಟಿಮೀಟರ್ ಎಂದುಕೊಂಡರೆ ಒಂದು ಸವರಿಗೆ ಎಂಟು ಸೆಕೆಂಡು. ನೀವು ಅಂದುಕೊಂಡದ್ದಕ್ಕಿಂತ ಬಹಳ ನಿಧಾನ. ಹತ್ತು ಸಲ ಸಾಕು, ಅದೇ ಜಾಗದಲ್ಲಿ ಮುಂದುವರಿದರೆ ಕಿರಿಕಿರಿಯಾಗುತ್ತದೆ.

ಇಷ್ಟೆಲ್ಲ ಆಗದ ದಿನ ಕೈ ಹಿಡಿದು ಕೂತರೂ ಆದೀತು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ 16 ವಿವಾಹಿತ ಮಹಿಳೆಯರ ಮಿದುಳಿನ ಸ್ಕ್ಯಾನ್ ಮಾಡುತ್ತಾ, ಸಣ್ಣ ವಿದ್ಯುತ್ ಶಾಕ್ ಬರಬಹುದೆಂದು ಎಚ್ಚರಿಸಿದರು. ಗಂಡನ ಕೈ ಹಿಡಿದಾಗ ಬೆದರಿಕೆಗೆ ಮಿದುಳು ತೋರುವ ಪ್ರತಿಕ್ರಿಯೆ ತಗ್ಗಿತು. ಅಪರಿಚಿತರ ಕೈ ಹಿಡಿದಾಗಲೂ ತುಸು ತಗ್ಗಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಗಂಡನ ಕೈಯ ಪರಿಣಾಮ ಹೆಚ್ಚು. ಹಾಗಾಗಿ ಸಂಬಂಧ ತೀರಾ ಹಳಸಿರುವಾಗ ಸ್ಪರ್ಶದಿಂದ ಪವಾಡ ನಿರೀಕ್ಷಿಸಬೇಡಿ.

ಹಂತ 4: ಈಗ ಮಾತು

ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಮೂರೇ ಸಂಗತಿ: ಮೈಯಲ್ಲಿ ಏನಾಯಿತು, ಯಾವಾಗ ಆಯಿತು, ಏನು ಬೇಕು. "ನೀವು ಅಮ್ಮನ ಮುಂದೆ ಲೆಕ್ಕ ಕೇಳಿದಾಗ ನನಗೆ ಗಂಟಲು ಕಟ್ಟಿತು. ಇನ್ಮೇಲೆ ಅದನ್ನ ನಮ್ಮಿಬ್ಬರ ನಡುವೆ ಕೇಳಿ." 'ಯಾವಾಗಲೂ', 'ನಿಮ್ಮ ಮನೆಯವರು' ಎಂಬ ಎರಡು ಪದ ಬಂದರೆ ನಿಲ್ಲಿಸಿ, ಹಂತ 1ಕ್ಕೆ ವಾಪಸ್.

ಜಗಳ ಶುರುವಾಗಿಯೇ ಬಿಟ್ಟರೆ

ಮೊದಲೇ ಒಂದು ಪದ ಗೊತ್ತುಮಾಡಿಕೊಂಡಿರಿ. 'ಮಜ್ಜಿಗೆ' ಆದರೂ ಸರಿ. ಯಾರು ಅಂದರೂ ಮಾತು ಅಲ್ಲಿಗೇ ನಿಲ್ಲಬೇಕು, ಕೊನೆಯ ಒಂದು ಮಾತಿಗೂ ಅವಕಾಶವಿಲ್ಲ. ಪದ ಹೇಳಿದವರೇ ವಾಪಸ್ ಬರುವ ಸಮಯವನ್ನೂ ಹೇಳಬೇಕು: "ಮಜ್ಜಿಗೆ ರೀ. ಒಂಬತ್ತೂವರೆಗೆ ಕೂರೋಣ." ಸಮಯ ಹೇಳದೆ ಎದ್ದುಹೋದರೆ ಎದುರಿನವರ ಮೈಗೆ ಅದು ಬಿಟ್ಟುಹೋದಂತೆಯೇ.

ಬಿಡುವು ಕನಿಷ್ಠ 20 ನಿಮಿಷ, ಅರ್ಧ ಗಂಟೆಯಾದರೆ ಒಳ್ಳೆಯದು, ಮಾರನೆಯ ದಿನಕ್ಕಿಂತ ಆಚೆಗೆ ಹೋಗಬಾರದು. ಐದು ನಿಮಿಷಕ್ಕೇ 'ಆರಾಮಾಯ್ತು' ಅನ್ನಿಸಿದರೆ ನಂಬಬೇಡಿ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಗಂಟೆಯಾದರೂ ಬೇಕು, ಸಣ್ಣ ಕಿಡಿಗೂ ಸಿಟ್ಟು ಮತ್ತೆ ಹತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮುಂದಿನ ಉತ್ತರ ಹೊಂದಿಸುತ್ತಾ ಕೂತರೆ ಬಿಡುವು ವ್ಯರ್ಥ. ತವರಿಗೆ ಫೋನ್ ಮಾಡುವುದೂ ಬೇಡ. ಕೈಗೆ ಕೆಲಸವಿರಲಿ: ಅವರೆಕಾಯಿ ಸುಲಿಯಿರಿ, ಸೊಪ್ಪು ಬಿಡಿಸಿ, ಒಣಗಿದ ಬಟ್ಟೆ ಮಡಿಸಿ, ಗಿಡಕ್ಕೆ ನೀರು ಹಾಕಿ. ಪಾತ್ರೆ ತೊಳೆಯಲು ಮಾತ್ರ ಹೋಗಬೇಡಿ, ಸಿಂಕಿನ ಸದ್ದೇ ಎರಡನೇ ಸುತ್ತಿನ ಜಗಳವಾಗುತ್ತದೆ.

ಒಬ್ಬರು ದುಬೈನಲ್ಲೋ ರಾತ್ರಿ ಪಾಳಿಯಲ್ಲೋ ಇದ್ದು ಜಗಳ ಫೋನಿನಲ್ಲೇ ಆಗುವುದಾದರೆ ವಿಡಿಯೊ ಆರಿಸಿ, ದನಿ ಮಾತ್ರ ಇಟ್ಟುಕೊಳ್ಳಿ. ಇಬ್ಬರೂ ಗೋಡೆಗೆ ಒರಗಿ ಐದು ಸಲ ಭ್ರಾಮರಿ ಗುಂಗು ಹಾಕಿ, ಆಮೇಲೆ ಹಂತ 4. ವಾಟ್ಸಾಪ್ ಸಂದೇಶದಲ್ಲಿ ಹಂತ 4 ಮಾಡಲಾಗದು. ದನಿ ಕೇಳದೆ ಓದಿದ್ದನ್ನು ಸಿಟ್ಟಿನ ಮನಸ್ಸು ಸಿಟ್ಟಿನ ದನಿಯಲ್ಲೇ ಓದಿಕೊಳ್ಳುತ್ತದೆ.

ಕೆಡುವುದು ಎಲ್ಲಿ

"ಹೋಗು, ಉಸಿರಾಟ ಮಾಡ್ಕೋ ಹೋಗು" ಎಂದು ಎದುರಿನವರಿಗೆ ಹೇಳಿದ ದಿನ ಈ ಅಭ್ಯಾಸ ಅಸ್ತ್ರವಾಯಿತು. ಹೇಳಬಹುದಾದದ್ದು "ನನಗೆ ಬೇಕು" ಎಂಬುದೊಂದೇ. ಇನ್ನೊಂದು ಬಗೆಯ ಕೇಡು ಸದ್ದಿಲ್ಲದ್ದು: ಪ್ರತಿಸಲ ಮೈ ತಣ್ಣಗಾಗುತ್ತದೆ, ವಿಷಯ ಮಾತ್ರ ಮುಂದಕ್ಕೆ ಹೋಗುತ್ತದೆ. ಹಂತ 4 ಬಿಟ್ಟುಬಿಟ್ಟು ಮೂರರಲ್ಲೇ ಮುಗಿಸುವವರಿಗೆ ಹೀಗಾಗುತ್ತದೆ. ಸಾಲ, ಮನೆಗೆಲಸದ ಹಂಚಿಕೆ, ಅತ್ತೆಯ ಔಷಧಿಯ ಖರ್ಚು ಇವು ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಬಗೆಹರಿಯುವುದಿಲ್ಲ. ಮತ್ತೊಂದು, ಸ್ಪರ್ಶ ಪ್ರತಿಸಲ ಹಾಸಿಗೆಗೇ ಹೋಗಿ ಮುಟ್ಟುತ್ತದೆಂದರೆ ಒಬ್ಬರು ನಿಧಾನಕ್ಕೆ ಕೈ ಇಡಲೂ ಬಿಡದಂತಾಗುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಅದಿಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡಿರಿ.

ವಾರಕ್ಕೆ ನಾಲ್ಕು ದಿನ ಹಂತ 1 ಮತ್ತು 2, ಎರಡು ದಿನ ಪೂರ್ತಿ ಸುತ್ತು. ಒಂದು ಪುಟ್ಟ ಪುಸ್ತಕದಲ್ಲಿ ದಿನಾಂಕ, ಕೂತಾಗಿನ ನಾಡಿ, ಎದ್ದಾಗಿನ ನಾಡಿ, ಜಗಳವಾಗಿದ್ದರೆ ಮತ್ತೆ ಸರಿಯಾಗಿ ಮಾತಾಡಲು ಹಿಡಿದ ಹೊತ್ತು ಬರೆಯಿರಿ. ಜಗಳಗಳ ಸಂಖ್ಯೆ ಬೇಕಿಲ್ಲ. ಎರಡು ದಿನದ ಮೌನ ಅರ್ಧ ದಿನಕ್ಕೆ ಇಳಿಯಿತೇ ಎಂಬುದೇ ಅಳತೆ. ಎರಡು ತಿಂಗಳಾದರೂ ಇಳಿಯದಿದ್ದರೆ ದಂಪತಿ ಆಪ್ತಸಲಹೆಗಾರರ ಬಳಿ ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ. ಜಗಳವೇ ಇಲ್ಲದ ದಿನ, ಸುಮ್ಮನೆ ಕೂತಾಗಲೂ ನಾಡಿ ಪದೇ ಪದೇ 100ರ ಮೇಲೆ ಬರೆದಿದ್ದರೆ ಮೊದಲು ವೈದ್ಯರಲ್ಲಿ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ.